ಚುಕ್ಕಿ ಇಟ್ಟ ಮೇಲೆ ಯಾರ ಜೊತೆ ಮಾತು?

ಎರಡನೇ ರೈತರ ಚೀಟಿಯಲ್ಲಿ 5,000 ರೂಪಾಯಿ ಕಡಿಮೆ ಬಂದಿತ್ತು. ಅವರು ಮುಂಗಡವನ್ನೇ ತೆಗೆದುಕೊಂಡಿರಲಿಲ್ಲ.

ದಾವಣಗೆರೆಯ ಒಂದು ದಲ್ಲಾಳಿ ಅಂಗಡಿಗೆ ನಾನು ಮೆಕ್ಕೆಜೋಳದ ಲೆಕ್ಕದ ಚೀಟಿ ತಯಾರಿಸುವ ಸಣ್ಣ ಜಾವಾಸ್ಕ್ರಿಪ್ಟ್ ಲೈಬ್ರರಿ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್) ಬರೆದುಕೊಟ್ಟಿದ್ದೆ. ತೂಕ, ದರ, ಹಮಾಲಿ, ಮುಂಗಡ, ಕೊನೆಗೆ ಕೈಗೆ ಬರುವ ಮೊತ್ತ. ಅಷ್ಟೇ. ಮೊದಲನೆಯವರ ಚೀಟಿ ಸರಿ ಇತ್ತು. ಎರಡನೆಯವರು ಅಲ್ಲೇ ನಿಂತು ಬೆರಳು ಮಡಚಿ ಲೆಕ್ಕ ಹಾಕಿದರು. «ಈ ಮುಂಗಡ ನಂದಲ್ಲ» ಅಂದರು. ಅವರು ಹೇಳಿದ್ದೇ ಸರಿ. ಅದು ಅವರಿಗಿಂತ ಮುಂಚೆ ನಿಂತಿದ್ದವರ ಮುಂಗಡ. ಅಂಗಡಿಯವರು ಕೈಯಲ್ಲೇ ಬೇರೆ ಚೀಟಿ ಬರೆದುಕೊಟ್ಟರು. ಆ ಹೊತ್ತಿಗೆ ಸರಿ ಹೋಯಿತು. ಆದರೆ ಅವರು ಲೆಕ್ಕ ಹಾಕದೆ ಹೋಗಿದ್ದರೆ ಏನಾಗುತ್ತಿತ್ತು ಅನ್ನುವುದು ನನ್ನ ತಲೆಯಿಂದ ಇನ್ನೂ ಹೋಗಿಲ್ಲ.

ಸಂಜೆ ಕೂತು ನೋಡಿದೆ. ಗುಣಿಸಿದ್ದು ಸರಿ, ಕಳೆದಿದ್ದು ಸರಿ. ತಪ್ಪಿದ್ದು ಒಂದೇ ಕಡೆ. ನನ್ನ ಮೆಥಡ್‌ಗಳು, ಅಂದರೆ ಚೀಟಿಯಂಥ ವಸ್ತುವಿಗೆ ಹೇಳುವ ಒಂದೊಂದು ಕೆಲಸ, ಮುಗಿದ ಮೇಲೆ ಏನನ್ನು ವಾಪಸ್ ಕೊಡಬೇಕು ಎಂದು ನಾನು ಯೋಚನೆಯನ್ನೇ ಮಾಡಿರಲಿಲ್ಲ. ಈ ಲೇಖನ ಅದರ ಬಗ್ಗೆ.

ಚುಕ್ಕಿ ಇಟ್ಟು ಒಂದರ ಹಿಂದೆ ಒಂದು ಮೆಥಡ್ ಕರೆಯುವುದಕ್ಕೆ ಚೈನ್ ಅನ್ನುತ್ತಾರೆ. ಅದು ಹೇಗಿರುತ್ತದೆ ಅಂತ ಮೊದಲು ನೋಡೋಣ. ಜಾವಾಸ್ಕ್ರಿಪ್ಟ್‌ನಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು, ಯೂನಿಕೋಡ್ ಅಕ್ಷರಗಳಿಗೆ ಭಾಷೆಯೇ ಅನುಮತಿ ಕೊಟ್ಟಿದೆ. ಹಾಗಾಗಿ ಹೀಗೆ ಬರೆಯಬಹುದು:

ಹೊಸಚೀಟಿ().ದರ(2200).ಹಮಾಲಿ(20).ತೂಕ(40)

(ಭಾಷೆಯ ಸ್ವಂತ ಪದಗಳಾದ ರಿಟರ್ನ್, ದಿಸ್, ಮ್ಯಾಪ್, ಸಾರ್ಟ್ ಮುಂತಾದವನ್ನೂ ಇಲ್ಲಿ ನಮ್ಮ ಲಿಪಿಯಲ್ಲೇ ಬರೆದಿದ್ದೇನೆ. ಕಂಪ್ಯೂಟರ್‌ನಲ್ಲಿ ಓಡಿಸುವಾಗ ಅವು ಮಾತ್ರ ಮೂಲ ಅಕ್ಷರಗಳಲ್ಲೇ ಇರಬೇಕು.)

ಓದಲು ಎಷ್ಟು ಹಿತವಾಗಿದೆ ಅಲ್ವಾ? ಒಂದೊಂದು ಕೆಲಸಕ್ಕೂ ಹೆಸರು ಮತ್ತೆ ಮತ್ತೆ ಬರೆಯಬೇಕಿಲ್ಲ. ಆದರೆ ಗಮನಿಸಿ, ಜಾವಾಸ್ಕ್ರಿಪ್ಟ್‌ನಲ್ಲಿ ಚೈನ್ ಎಂಬ ಪ್ರತ್ಯೇಕ ಸೌಲಭ್ಯವೇ ಇಲ್ಲ. ಚುಕ್ಕಿಯ ಎಡಗಡೆಯದು ಮೊದಲು ನಡೆಯುತ್ತದೆ. ಅದು ಏನನ್ನು ವಾಪಸ್ ಕೊಟ್ಟಿತೋ ಅದರ ಮೇಲೆ ಬಲಗಡೆಯ ಮೆಥಡ್ ನಡೆಯುತ್ತದೆ. ಸ್ಮಾಲ್‌ಟಾಕ್ ಭಾಷೆಯಲ್ಲಿ ಅರ್ಧವಿರಾಮ ಹಾಕಿದರೆ, ಡಾರ್ಟ್‌ನಲ್ಲಿ ಎರಡು ಚುಕ್ಕಿ ಇಟ್ಟರೆ, ಮೆಥಡ್ ಏನೇ ವಾಪಸ್ ಕೊಡಲಿ, ಮುಂದಿನ ಮಾತು ಮೊದಲಿನ ವಸ್ತುವಿನ ಜೊತೆಗೇ ನಡೆಯುತ್ತದೆ. ಅಲ್ಲಿ ತೀರ್ಮಾನ ಬಳಸುವವರದು. ನಮ್ಮಲ್ಲಿ ಹಾಗಿಲ್ಲ. ಚುಕ್ಕಿ ಇಟ್ಟ ಮೇಲೆ ಯಾರ ಜೊತೆ ಮಾತು ಅನ್ನುವುದನ್ನು ಲೈಬ್ರರಿ ಬರೆದವರೇ ಮೊದಲೇ ತೀರ್ಮಾನಿಸಿಬಿಟ್ಟಿರುತ್ತಾರೆ. ಬಳಸುವವರಿಗೆ ಅದು ಕಣ್ಣಿಗೆ ಕಾಣುವುದೂ ಇಲ್ಲ.

ಈ ಶೈಲಿಗೆ ಫ್ಲೂಯೆಂಟ್ ಇಂಟರ್‌ಫೇಸ್ ಎಂಬ ಹೆಸರು ಕೊಟ್ಟವರು ಎರಿಕ್ ಎವಾನ್ಸ್ ಮತ್ತು ಮಾರ್ಟಿನ್ ಫೌಲರ್, 2005ರಲ್ಲಿ. ಮರುವರ್ಷವೇ ಜಾನ್ ರೆಸಿಗ್ ಅವರ ಜೆಕ್ವೆರಿ ಎಂಬ ಲೈಬ್ರರಿ ಬಂತು. ವೆಬ್ ಪುಟ ಬರೆಯುವ ಬಹಳ ಜನ ಚೈನ್ ಬರೆಯಲು ಕಲಿತದ್ದು ಅದರಿಂದಲೇ. ಅದರಲ್ಲಿ ಪುಟದ ಒಂದು ಭಾಗ ಆರಿಸಿ, ಬಣ್ಣ ಬದಲಿಸಿ, ಮರೆಮಾಡಿ, ಮತ್ತೆ ತೋರಿಸುವುದು ಎಲ್ಲಾ ಒಂದೇ ಸಾಲಿನಲ್ಲಿ ಆಗುತ್ತಿತ್ತು. ಒಳಗಡೆ ಗುಟ್ಟೇನೂ ಇರಲಿಲ್ಲ. ಇಂಥ ಮೆಥಡ್‌ಗಳ ಕೊನೆಯಲ್ಲಿ ರಿಟರ್ನ್ ದಿಸ್. ಅಂದರೆ «ನನ್ನನ್ನೇ ವಾಪಸ್ ಕೊಡುತ್ತೇನೆ, ಮುಂದುವರಿಸಿ» ಅಂತ. ನಾನೂ ಅದನ್ನೇ ಕಲಿತವನು. ಚೈನ್ ಬೇಕಾ, ಕೊನೆಗೊಂದು ರಿಟರ್ನ್ ದಿಸ್ ಹಾಕು. ಮೆಕ್ಕೆಜೋಳದ ಚೀಟಿಯಲ್ಲೂ ಅದನ್ನೇ ಮಾಡಿದ್ದೆ.

ಆ ದಿನದ ಕೋಡ್ ಹೀಗಿತ್ತು:

ಮೂಲ = ಹೊಸಚೀಟಿ().ದರ(2200).ಹಮಾಲಿ(20)
ಒಬ್ಬರು = ಮೂಲ.ತೂಕ(40).ಮುಂಗಡ(5000)
ಇನ್ನೊಬ್ಬರು = ಮೂಲ.ತೂಕ(22)

ದರ, ಹಮಾಲಿ ಆ ದಿನಕ್ಕೆಲ್ಲಾ ಒಂದೇ. ಹಾಗಾಗಿ ಒಂದು ಮೂಲ ಚೀಟಿ ಮಾಡಿ, ಅದರಿಂದ ಒಬ್ಬೊಬ್ಬರದ್ದು ತೆಗೆಯೋಣ ಅಂದುಕೊಂಡೆ. ಓದಿದರೆ ಮೂರು ಚೀಟಿ ಇವೆ ಅನಿಸುತ್ತದೆ. ನಿಜದಲ್ಲಿ ಇರುವುದು ಒಂದೇ ಚೀಟಿ, ಅದಕ್ಕೆ ಮೂರು ಹೆಸರು. ತೂಕ ಅನ್ನುವ ಮೆಥಡ್ ಅದೇ ಚೀಟಿಯನ್ನು ತಿದ್ದಿ ಅದನ್ನೇ ವಾಪಸ್ ಕೊಟ್ಟಿತು. ಮುಂಗಡವೂ ಅದೇ ಚೀಟಿಯ ಮೇಲೆ ಕೂತಿತು. ಎರಡನೆಯವರ ಸರದಿ ಬಂದಾಗ ತೂಕ 22 ಎಂದು ಬದಲಾಯಿತು, ಮುಂಗಡ ಮಾತ್ರ ಹಾಗೇ ಉಳಿಯಿತು. ಮೊದಲನೆಯವರ ಚೀಟಿ ಆಗಲೇ ಪ್ರಿಂಟ್ ಆಗಿದ್ದರಿಂದ ಸರಿ ಇತ್ತು. ಅದನ್ನೇ ಇನ್ನೊಮ್ಮೆ ಪ್ರಿಂಟ್ ಹಾಕಿದ್ದರೆ ಅವರ 40 ಕ್ವಿಂಟಲ್ 22 ಆಗಿರುತ್ತಿತ್ತು.

ಇದನ್ನು ನನ್ನ ಹತ್ತಿರ ಕೆಲಸ ಕಲಿಯಲು ಬರುವ ಹುಡುಗಿಗೆ ವಿವರಿಸಬೇಕಾಗಿ ಬಂತು. ಇಂಜಿನಿಯರಿಂಗ್ ಕೊನೇ ವರ್ಷ. ಬೆಳಿಗ್ಗೆ ಬೆಣ್ಣೆ ದೋಸೆ ಹೋಟೆಲಲ್ಲಿ ಕೂತಿದ್ದೆವು. ಕಣ್ಣೆದುರಿಗೇ ಹಂಚು ಇತ್ತು.

«ನೋಡಮ್ಮ,» ಅಂದೆ, «ಹಿಟ್ಟು ಹೊಯ್ದರು, ಬೆಣ್ಣೆ ಹಾಕಿದರು, ಮಗುಚಿದರು. ಮೂರು ಕೆಲಸ, ದೋಸೆ ಒಂದೇ. ರಿಟರ್ನ್ ದಿಸ್ ಅಂದರೆ ಇದು.»

«ಹಾಗಾದ್ರೆ ತಪ್ಪೇನು ಸರ್?»

«ತಪ್ಪಿಲ್ಲ. ಈಗ ಅದೇ ದೋಸೆ ತೋರಿಸಿ, ಇದು ನಂಗೆ ಬೆಣ್ಣೆ ಹಾಕಿ, ಇದೇ ಅವರಿಗೆ ಬೆಣ್ಣೆ ಇಲ್ಲದೆ ಕೊಡಿ ಅಂದರೆ?»

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದ ಪ್ರಶ್ನೆ ನನ್ನದಕ್ಕಿಂತ ಚೆನ್ನಾಗಿತ್ತು: «ಹಂಗಂದ್ರೆ, ಇದು ಒಂದೇ ದೋಸೆ ಅಂತ ತಿನ್ನೋರಿಗೆ ಮೊದಲೇ ಗೊತ್ತಾಗೋ ಹಾಗೆ ಇರಬೇಕು, ಅಲ್ವಾ ಸರ್?»

ಹೌದು, ವಿಷಯ ಅದೇ.

ಇನ್ನೊಂದು ದಾರಿಯನ್ನು ತೋರಿಸಲು ನನಗೆ ಚಿತ್ರದುರ್ಗ ನೆನಪಾಗುತ್ತದೆ. ಕೋಟೆಯ ಮೇಲೆ ಬಿದ್ದ ಮಳೆ ನೀರು ಗೋಪಾಲಸ್ವಾಮಿ ಹೊಂಡ ತುಂಬುತ್ತದೆ. ಅದು ತುಂಬಿ ಹೆಚ್ಚಾದದ್ದು ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡದ ಕಡೆಗೆ. ಇದೂ ಸರಪಳಿಯೇ. ಆದರೆ ಪ್ರತಿ ಹೊಂಡವೂ ಬೇರೆ. ಕೆಳಗಿನ ಹೊಂಡಕ್ಕೆ ನೀರು ಬಂತು ಅಂತ ಮೇಲಿನ ಹೊಂಡ ಬರಿದಾಗುವುದಿಲ್ಲ. ಕೆಳಗಿನದಕ್ಕೆ ಯಾರಾದರೂ ಏನಾದರೂ ಹಾಕಿದರೆ ಮೇಲಿನದು ಕೆಡುವುದಿಲ್ಲ. ಜಾವಾಸ್ಕ್ರಿಪ್ಟ್‌ನ ಮ್ಯಾಪ್, ಫಿಲ್ಟರ್, ಸ್ಲೈಸ್ ಈ ತರಹದವು. ಮೂಲ ಪಟ್ಟಿಯನ್ನು ಮುಟ್ಟದೆ ಹೊಸ ಪಟ್ಟಿ ಕೊಡುತ್ತವೆ. ಸ್ಟ್ರಿಂಗ್‌ಗಳ (ಬರಹದ ತುಣುಕುಗಳ) ಎಲ್ಲಾ ಮೆಥಡ್‌ಗಳೂ ಹೀಗೇ, ಏಕೆಂದರೆ ಸ್ಟ್ರಿಂಗ್ ಅನ್ನು ತಿದ್ದಲು ಬರುವುದೇ ಇಲ್ಲ. ಪ್ರಾಮಿಸ್ ಅಂದರೆ ಮುಂದೆ ಬರಲಿರುವ ಉತ್ತರಕ್ಕೆ ಕಾಯುವ ವಸ್ತು. ಉತ್ತರ ಬಂದ ಮೇಲೆ ಏನು ಮಾಡಬೇಕು ಎಂದು ಹೇಳುವ ಅದರ ದೆನ್ ಕೂಡ ಪ್ರತಿ ಸಲ ಹೊಸ ಪ್ರಾಮಿಸ್ ಕೊಡುತ್ತದೆ. ಹಾಗಾಗಿ ಒಂದೇ ಪ್ರಾಮಿಸ್‌ಗೆ ಎರಡು ಕಡೆ ದೆನ್ ಹಾಕಿದರೆ ಎರಡು ಬೇರೆ ಕವಲು ಆಗುತ್ತವೆ.

ಎರಡೂ ದಾರಿ ಸರಿ. ತೊಂದರೆ ಶುರುವಾಗುವುದು ಒಂದು ಇನ್ನೊಂದರ ವೇಷ ಹಾಕಿದಾಗ. ಇದಕ್ಕೆ ಭಾಷೆಯೊಳಗೇ ಉದಾಹರಣೆ ಇದೆ. ಕ್ರಮವಾಗಿ ಜೋಡಿಸುವ ಸಾರ್ಟ್ ಮತ್ತು ಹಿಂದುಮುಂದು ಮಾಡುವ ರಿವರ್ಸ್ ಪಟ್ಟಿಯನ್ನು ವಾಪಸ್ ಕೊಡುತ್ತವೆ. ನೋಡಿದರೆ ಮ್ಯಾಪ್‌ನ ತಮ್ಮಂದಿರ ಹಾಗೆ ಕಾಣುತ್ತವೆ. ಆದರೆ ಅವು ಮೂಲ ಪಟ್ಟಿಯನ್ನೇ ತಿದ್ದಿ, ಅದನ್ನೇ ವಾಪಸ್ ಕೊಡುತ್ತವೆ. «ದರಗಳನ್ನು ಜೋಡಿಸಿ ತೋರಿಸು» ಎಂದು ಬರೆದವರ ಇಡೀ ದಿನದ ಪಟ್ಟಿಯ ಕ್ರಮವೇ ಬದಲಾಗಿರುತ್ತದೆ. ಇದನ್ನು ಸರಿಪಡಿಸಲು ಜಾವಾಸ್ಕ್ರಿಪ್ಟ್‌ನ ಅಧಿಕೃತ ನಿಯಮಾವಳಿಯಾದ ಎಕ್ಮಾಸ್ಕ್ರಿಪ್ಟ್ 2023ರಲ್ಲಿ ಟುಸಾರ್ಟೆಡ್, ಟುರಿವರ್ಸ್ಡ್, ಟುಸ್ಪ್ಲೈಸ್ಡ್ ಎಂಬ ಹೊಸ ಮೆಥಡ್‌ಗಳನ್ನು ಸೇರಿಸಿದರು. ಇವು ಮೂಲವನ್ನು ಮುಟ್ಟುವುದಿಲ್ಲ. ಹಳೆಯವನ್ನು ಬದಲಿಸಲು ಆಗಲಿಲ್ಲ, ಅವನ್ನು ನಂಬಿ ಬರೆದ ಕೋಡ್ ಜಗತ್ತಿನ ತುಂಬಾ ಇದೆ. ವಾಪಸ್ ಏನು ಕೊಡಬೇಕು ಅನ್ನುವ ತೀರ್ಮಾನ ಒಮ್ಮೆ ಮಾಡಿದರೆ ಹೀಗೆ ಅಂಟಿಕೊಂಡುಬಿಡುತ್ತದೆ.

ಪುಶ್ ಇನ್ನೊಂದು ತರಹ. ಪಟ್ಟಿಗೆ ಒಂದು ವಸ್ತು ಸೇರಿಸಿ, ಪಟ್ಟಿಯ ಉದ್ದವನ್ನು ವಾಪಸ್ ಕೊಡುತ್ತದೆ. ಹೊಸಬರು «ಪಟ್ಟಿ = ಪಟ್ಟಿ.ಪುಶ್(ಹೊಸದು)» ಎಂದು ಬರೆದು, ಪಟ್ಟಿ ಇದ್ದ ಜಾಗದಲ್ಲಿ 5 ಎಂಬ ಸಂಖ್ಯೆ ನೋಡಿ ಕಂಗಾಲಾಗುತ್ತಾರೆ. ಡೇಟ್‌ನ ಸೆಟ್‌ಡೇಟ್ ಇನ್ನೂ ವಿಚಿತ್ರ. ದಿನಾಂಕ ತಿದ್ದಿ, 1970ರ ಜನವರಿ 1ರಿಂದ ಎಷ್ಟು ಮಿಲಿಸೆಕೆಂಡ್ ಆಯಿತು ಎಂಬ ಸಂಖ್ಯೆ ಕೊಡುತ್ತದೆ. 2015ರಲ್ಲಿ ಬಂದ ಸೆಟ್ ಮತ್ತು ಮ್ಯಾಪ್ ಸಂಗ್ರಹಗಳಲ್ಲಿ (ಮೇಲೆ ಹೇಳಿದ ಮ್ಯಾಪ್ ಮೆಥಡ್ ಬೇರೆ) ಮಾತ್ರ ಇದನ್ನು ಚೆನ್ನಾಗಿ ಮಾಡಿದ್ದಾರೆ. ಸೆಟ್‌ಗೆ ಆಡ್ ಮಾಡಿದರೆ, ಮ್ಯಾಪ್‌ನಲ್ಲಿ ಸೆಟ್ ಎಂಬ ಮೆಥಡ್ ಕರೆದರೆ ಅದೇ ಸಂಗ್ರಹ ವಾಪಸ್, ಚೈನ್ ಮಾಡಬಹುದು. ಡಿಲೀಟ್ ಮಾಡಿದರೆ «ಇತ್ತು, ತೆಗೆದೆ» ಅಥವಾ «ಇರಲೇ ಇಲ್ಲ» ಅನ್ನುವ ಉತ್ತರ, ಚೈನ್ ಅಲ್ಲಿಗೆ ಮುಗಿಯಿತು. ಅಳಿಸಿದವರಿಗೆ ಆ ಉತ್ತರ ಬೇಕಾಗುತ್ತದೆ, ಹಾಗಾಗಿ ಇದು ನ್ಯಾಯವೇ.

ನನ್ನ ಚೀಟಿಯಂಥದೇ ಕಥೆ ದೊಡ್ಡ ಲೈಬ್ರರಿಯಲ್ಲೂ ನಡೆದಿದೆ. ಮೊಮೆಂಟ್ ಎಂಬ ದಿನಾಂಕದ ಲೈಬ್ರರಿ ಎಷ್ಟೋ ವರ್ಷ ಎಲ್ಲಾ ಕಡೆ ಇತ್ತು. ಅದರಲ್ಲಿ ಇವತ್ತಿನ ದಿನಾಂಕಕ್ಕೆ ಏಳು ದಿನ ಆಡ್ ಮಾಡಿ ಗಡುವು ಎಂದು ಇಟ್ಟುಕೊಂಡರೆ, ಇವತ್ತು ಕೂಡ ಏಳು ದಿನ ಮುಂದೆ ಹೋಗಿರುತ್ತದೆ. ಬೇಡ ಅಂದರೆ ಮೊದಲೇ ಕ್ಲೋನ್, ಅಂದರೆ ನಕಲು, ಮಾಡಬೇಕು. 2020ರಲ್ಲಿ ಅದನ್ನು ನಡೆಸುವವರೇ ಹೊಸ ಕೆಲಸಕ್ಕೆ ಬೇರೆ ಲೈಬ್ರರಿ ನೋಡಿಕೊಳ್ಳಿ ಎಂದು ಹೇಳಿದಾಗ, ಅದರ ಮೇಲಿದ್ದ ದೂರುಗಳಲ್ಲಿ ಇದನ್ನೂ ಹೆಸರಿಸಿದರು. ಅದರ ಬದಲಿಗೆ ಬಳಸುವ ಲಕ್ಸನ್, ಡೇಜೆಎಸ್ ಎರಡೂ ಹೊಸ ದಿನಾಂಕವನ್ನೇ ಕೊಡುತ್ತವೆ.

ಹಾಗಾದರೆ ಯಾವಾಗ ಯಾವುದು? ನಾನು ಕೇಳಿಕೊಳ್ಳುವ ಪ್ರಶ್ನೆ ಇದು: ಈ ವಸ್ತುವಿಗೆ ತನ್ನದೇ ಗುರುತು ಇದೆಯಾ, ಅಥವಾ ಅದು ಬರೀ ಬೆಲೆಯಾ, ಅಂದರೆ ಸಂಖ್ಯೆಯಂಥ ಒಂದು ಮೌಲ್ಯವಾ? ಪರದೆಯ ಮೇಲಿನ ಗುಂಡಿ ಒಂದೇ ಇದೆ. ಅದರ ಬಣ್ಣ ಬದಲಿಸು ಅಂದರೆ ಆ ಗುಂಡಿಯದ್ದೇ ಬದಲಾಗಬೇಕು, ಇನ್ನೊಂದು ಗುಂಡಿ ಹುಟ್ಟಬಾರದು. ಸರ್ವರ್ ಕಳಿಸುವ ಉತ್ತರವೂ ಹಾಗೆ. ಸರ್ವರ್ ಬರೆಯುವ ಎಕ್ಸ್‌ಪ್ರೆಸ್ ಲೈಬ್ರರಿಯಲ್ಲಿ ಸ್ಟೇಟಸ್ 404 (ಕೇಳಿದ್ದು ಸಿಗಲಿಲ್ಲ) ಎಂದು ಇಟ್ಟು ಅದರ ಮೇಲೇ ಸೆಂಡ್ ಮಾಡುತ್ತೇವೆ, ಒಂದು ಕೋರಿಕೆಗೆ ಉತ್ತರ ಒಂದೇ. ಅಂಥ ಕಡೆ ರಿಟರ್ನ್ ದಿಸ್ ಸರಿಯಾದ ದಾರಿ. ದಿನಾಂಕ, ಮೊತ್ತ, ಬಣ್ಣ, ಲೆಕ್ಕದ ಚೀಟಿ ಇವೆಲ್ಲಾ ಬೆಲೆಗಳು. 5ಕ್ಕೆ 2 ಕೂಡಿಸಿದರೆ 7 ಬರುತ್ತದೆ, 5 ಬದಲಾಗುವುದಿಲ್ಲ. ಬೆಲೆಗಳ ಮೆಥಡ್‌ಗಳು ಹೊಸದನ್ನೇ ಕೊಡಬೇಕು. ನನ್ನ ಚೀಟಿಯನ್ನು ನಾನು ಗುಂಡಿಯ ಹಾಗೆ ನಡೆಸಿಕೊಂಡಿದ್ದೆ.

ಹೊಸದು ಕೊಡುವುದಕ್ಕೆ ಖರ್ಚಿದೆ ಅನ್ನುವವರಿದ್ದಾರೆ. ಇದೆ, ನಿಜ. ಲಕ್ಷ ಸಾಲಿನ ಪಟ್ಟಿಯ ಮೇಲೆ ಹತ್ತು ಮೆಥಡ್ ನಡೆಸಿದರೆ ಹತ್ತು ಹೊಸ ಪಟ್ಟಿ ಹುಟ್ಟುತ್ತವೆ. ಇದಕ್ಕೆ ಲೋಡ್ಯಾಶ್ ಎಂಬ ಲೈಬ್ರರಿ ಒಂದು ಉಪಾಯ ಮಾಡಿತು. ಚೈನ್‌ನ ಮೆಥಡ್‌ಗಳು ಕೆಲಸವನ್ನು ಬರೆದಿಟ್ಟುಕೊಳ್ಳುತ್ತವೆ, ಕೊನೆಯಲ್ಲಿ ವ್ಯಾಲ್ಯೂ ಎಂದು ಕರೆದಾಗ ಒಟ್ಟಿಗೆ ಮಾಡುತ್ತವೆ. ಈಗ ಭಾಷೆಯ ಇಟರೇಟರ್‌ಗಳಿಗೇ (ಒಂದೊಂದಾಗಿ ವಸ್ತು ಕೊಡುವವು) ಮ್ಯಾಪ್, ಫಿಲ್ಟರ್, ಟೇಕ್ ಬಂದಿವೆ, ಅವೂ ಕೇಳಿದಷ್ಟೇ ಕೆಲಸ ಮಾಡುತ್ತವೆ. ಚೀಟಿಯಂಥ ಸಣ್ಣ ವಸ್ತುವಿಗೆ ಈ ಚಿಂತೆಯೇ ಬೇಡ.

ಆದರೆ ನಕಲು ಮಾಡುವಾಗ ಕೈ ಜಾರುತ್ತದೆ. ನಾನು ಎರಡನೇ ಸಲ ಬರೆದಾಗ ಚೀಟಿಯನ್ನು ಮೂರು ಚುಕ್ಕಿಯ ಸ್ಪ್ರೆಡ್‌ನಿಂದ ನಕಲು ಮಾಡಿದೆ. ಅದು ಮೇಲಿನ ಪದರವನ್ನು ಮಾತ್ರ ನಕಲು ಮಾಡುತ್ತದೆ. ಒಳಗೆ ಕಡಿತಗಳ ಪಟ್ಟಿ ಒಂದಿತ್ತು. ಹೊಸ ಚೀಟಿ, ಹಳೆ ಚೀಟಿ ಎರಡೂ ಅದೇ ಪಟ್ಟಿಯನ್ನು ಹಿಡಿದುಕೊಂಡಿದ್ದವು. ಒಂದರಲ್ಲಿ ಪುಶ್ ಮಾಡಿದ್ದು ಇನ್ನೊಂದರಲ್ಲಿ ಕಂಡಿತು. ಸ್ಟ್ರಕ್ಚರ್ಡ್‌ಕ್ಲೋನ್ ಎಂಬ ಸಿದ್ಧ ಫಂಕ್ಷನ್ ಬಳಸೋಣ ಅಂದರೆ ಅದು ಒಳಗಿನ ತನಕ ನಕಲು ಮಾಡುತ್ತದೆ, ಆದರೆ ಕ್ಲಾಸ್‌ನ (ಮೆಥಡ್‌ಗಳನ್ನು ಬರೆದಿಟ್ಟ ಅಚ್ಚಿನ) ನಂಟು ಬಿಟ್ಟುಹೋಗಿ ಬರೀ ಆಬ್ಜೆಕ್ಟ್ ಬರುತ್ತದೆ. ಅದರ ಮೇಲೆ ಮುಂದಿನ ಮೆಥಡ್ ಕರೆಯಲು ಹೋದರೆ ಮೆಥಡ್ಡೇ ಇರುವುದಿಲ್ಲ. ಸರಿಯಾದ ದಾರಿ ಅಂದರೆ ಕಡಿತಗಳಿಗೆ ಹೊಸ ಪಟ್ಟಿ ಮಾಡಿ, ಅದನ್ನು ಕೊಟ್ಟು ಹೊಸ ಚೀಟಿ ಕಟ್ಟುವುದು. ಕಟ್ಟುವಾಗ ಕ್ಲಾಸ್‌ನ ಹೆಸರನ್ನೇ ಬರೆದುಬಿಟ್ಟರೆ, ಯಾರಾದರೂ ಅದರಿಂದ ಹತ್ತಿಚೀಟಿ ಎಂಬ ಉಪಕ್ಲಾಸ್ ಮಾಡಿದಾಗ ಮೊದಲ ಚುಕ್ಕಿಗೇ ಅದು ಮಾಮೂಲಿ ಚೀಟಿ ಆಗಿಬಿಡುತ್ತದೆ. ದಿಸ್‌ನ ಕನ್‌ಸ್ಟ್ರಕ್ಟರ್, ಅಂದರೆ ಆ ವಸ್ತುವನ್ನು ಕಟ್ಟಿದ ಕ್ಲಾಸನ್ನೇ, ಬಳಸಿದರೆ ಹತ್ತಿಚೀಟಿಯಿಂದ ಹತ್ತಿಚೀಟಿಯೇ ಬರುತ್ತದೆ. ಇನ್ನೊಂದು ಸಣ್ಣ ಮಾತು. ಆಬ್ಜೆಕ್ಟ್‌ನ ಒಳಗೆ ಮೆಥಡ್ ಅನ್ನು ಬಾಣದ ಫಂಕ್ಷನ್ ಆಗಿ ಬರೆದು ರಿಟರ್ನ್ ದಿಸ್ ಹಾಕಬೇಡಿ. ಅಲ್ಲಿ ದಿಸ್ ಅಂದರೆ ಆ ಆಬ್ಜೆಕ್ಟ್ ಅಲ್ಲ, ಹೊರಗಿನದು.

ಪ್ರಶ್ನೆ ಕೇಳುವ ಮೆಥಡ್‌ಗಳು ಚೈನ್ ಆಗಬಾರದು. ಮೊತ್ತ ಎಷ್ಟು ಅಂದರೆ ಸಂಖ್ಯೆ ಬರಬೇಕು. ಜೆಕ್ವೆರಿಯಲ್ಲಿ ಟೆಕ್ಸ್ಟ್ ಎಂಬ ಒಂದೇ ಮೆಥಡ್ ಎರಡೂ ಮಾಡುತ್ತದೆ. ಏನೂ ಕೊಡದೆ ಕರೆದರೆ ಬರಹ ಕೊಡುತ್ತದೆ, ಬರಹ ಕೊಟ್ಟು ಕರೆದರೆ ಅದನ್ನು ಇಟ್ಟು ಜೆಕ್ವೆರಿ ವಸ್ತುವನ್ನೇ ವಾಪಸ್ ಕೊಡುತ್ತದೆ. ಬರೆಯಲು ಚೆಂದ, ಆದರೆ ನನಗೆ ಇದು ಇಷ್ಟವಿಲ್ಲ. ಆವರಣದೊಳಗೆ ಏನಿದೆ ಎಂದು ನೋಡದೆ ಚುಕ್ಕಿಯ ಆಚೆ ಯಾರಿದ್ದಾರೆ ಎಂದು ಹೇಳಲಾಗದು. ಅದೇ ಜೆಕ್ವೆರಿಯ ಇನ್ನೊಂದು ಗುಣ ಮಾತ್ರ ತುಂಬಾ ಒಳ್ಳೆಯದು. ಹುಡುಕಿದ್ದು ಸಿಗದಿದ್ದರೆ ಅದು ನಲ್ (ಏನೂ ಇಲ್ಲ) ಕೊಡುವುದಿಲ್ಲ, ಖಾಲಿ ಗುಂಪು ಕೊಡುತ್ತದೆ. ಚೈನ್ ಮುರಿಯುವುದಿಲ್ಲ. ಆದರೆ ಹಣದ ಲೆಕ್ಕದಲ್ಲಿ ನಾನು ಹೀಗೆ ಮಾಡುವುದಿಲ್ಲ. ತೂಕ ಮೈನಸ್ ಬಂದರೆ ಚೈನ್ ಅಲ್ಲೇ ಎರರ್ ಎಸೆದು ನಿಲ್ಲಬೇಕು.

ಈ ವಿಷಯದಲ್ಲಿ ನನಗೆ ಬಹಳ ಹಿಡಿಸಿದ್ದು ಚಿತ್ರ, ನಕ್ಷೆ ಬರೆಯುವ ಡಿ3 ಲೈಬ್ರರಿಯವರ ಅಭ್ಯಾಸ. ಅದರಲ್ಲಿ ಆಟರ್ ಎಂಬ ಮೆಥಡ್ ಇದ್ದ ಆಯ್ಕೆಯನ್ನೇ (ಪುಟದಲ್ಲಿ ಆರಿಸಿಕೊಂಡ ಭಾಗಗಳನ್ನೇ) ವಾಪಸ್ ಕೊಡುತ್ತದೆ, ಅಪೆಂಡ್ ಹೊಸದಾಗಿ ಸೇರಿಸಿದ್ದನ್ನು ಕೊಡುತ್ತದೆ. ಒಂದೇ ಚೈನ್‌ನಲ್ಲಿ ಎರಡೂ ಬರುತ್ತವೆ. ಹಾಗಾಗಿ ಅವರು ಸಾಲಿನ ಮುಂದೆ ಬಿಡುವ ಜಾಗದಲ್ಲೇ ಗುರುತು ಇಟ್ಟರು. ಅದೇ ಆಯ್ಕೆ ವಾಪಸ್ ಬರುವುದಾದರೆ ನಾಲ್ಕು ಜಾಗ, ಹೊಸ ಆಯ್ಕೆ ಬರುವುದಾದರೆ ಎರಡು. ಕಂಪ್ಯೂಟರ್‌ಗೆ ಇದರಿಂದ ಏನೂ ಆಗಬೇಕಿಲ್ಲ. ಓದುವವರಿಗೆ ಮಾತ್ರ ಮಾತು ಯಾರ ಕಡೆ ತಿರುಗಿತು ಅಂತ ತಕ್ಷಣ ಕಾಣುತ್ತದೆ.

ಡೇಟಾಬೇಸ್ ಕಡೆ ಹೋದರೆ ಇನ್ನೊಂದು ಗುಂಡಿ ಇದೆ, ಬೀಳುವ ಗುಂಡಿ. ದೆನ್ ಎಂಬ ಮೆಥಡ್ ಇರುವ ಯಾವ ಆಬ್ಜೆಕ್ಟ್ ಆದರೂ, ಉತ್ತರಕ್ಕೆ ಕಾಯಲು ಬಳಸುವ ಅವೇಟ್‌ಗೆ ಅದು ಪ್ರಾಮಿಸ್ ಇದ್ದ ಹಾಗೆ. ಡೇಟಾಬೇಸ್‌ಗೆ ಪ್ರಶ್ನೆ ಕಟ್ಟುವ ನೆಕ್ಸ್ ಎಂಬ ಲೈಬ್ರರಿಯಲ್ಲಿ ಅರ್ಧ ಕಟ್ಟಿದ ಪ್ರಶ್ನೆಗೂ ದೆನ್ ಇದೆ. ಅದನ್ನು ಅಸಿಂಕ್ ಫಂಕ್ಷನ್‌ನಿಂದ (ಉತ್ತರವನ್ನು ಪ್ರಾಮಿಸ್ ಆಗಿ ಕೊಡುವ ಫಂಕ್ಷನ್) ರಿಟರ್ನ್ ಮಾಡಿದರೆ, ಆಮೇಲೆ ಇನ್ನೊಂದು ಷರತ್ತು ಸೇರಿಸೋಣ ಅನ್ನುವಷ್ಟರಲ್ಲಿ ಪ್ರಶ್ನೆ ಡೇಟಾಬೇಸ್‌ಗೆ ಹೋಗಿ ಉತ್ತರವೇ ಬಂದಿರುತ್ತದೆ. ಹಾಗಾಗಿ ನಿಮ್ಮ ಚೈನ್‌ಗೆ ಕೊನೆಯ ಕೆಲಸ ಒಂದಿದ್ದರೆ ಅದಕ್ಕೆ ಓಡಿಸು ಅಂತಲೋ ಕಟ್ಟು ಅಂತಲೋ ಸ್ಪಷ್ಟ ಹೆಸರು ಇಡಿ. ದೆನ್ ಎಂಬ ಹೆಸರನ್ನು ಸುಮ್ನೆ ಬಳಸಬೇಡಿ.

ಹೆಸರಿನ ವಿಷಯಕ್ಕೆ ಬಂದರೆ, ಕನ್ನಡ ನನಗೆ ಒಂದು ದಾರಿ ತೋರಿಸಿತು. ಮೂರನೇ ಸಲ ಚೀಟಿಯ ಲೈಬ್ರರಿ ಬರೆಯುವಾಗ ಆ ಹುಡುಗಿಯೇ ಹೇಳಿದ್ದು. «ಸರ್, ಕಳೆ ಅಂದ್ರೆ ಇದ್ದದ್ದರಲ್ಲೇ ಕಳಿಬೇಕು ಅನ್ಸುತ್ತೆ. ಕಳೆದದ್ದು ಅಂದ್ರೆ ಕಳೆದು ಬೇರೆ ಒಂದು ಕೊಟ್ಟ ಹಾಗೆ.» ಸಾರ್ಟ್‌ಗೂ ಟುಸಾರ್ಟೆಡ್‌ಗೂ ಇರುವ ವ್ಯತ್ಯಾಸ ಇದೇ. ಒಂದು ಅಪ್ಪಣೆ, ಇನ್ನೊಂದು ಅಪ್ಪಣೆ ಮುಗಿದ ಮೇಲೆ ಸಿಗುವ ವಸ್ತು. ನಮಗೆ ಇದಕ್ಕೆ ಹೊಸ ಪದ ಹುಡುಕಬೇಕಾಗಿಲ್ಲ, ಕ್ರಿಯಾಪದದ ರೂಪದಲ್ಲೇ ಇದೆ. ಈಗ ಕೋಡ್ ಹೀಗಿದೆ:

ಮೂಲ = ಹೊಸಚೀಟಿ(2200, 20)
ಒಬ್ಬರು = ಮೂಲ.ತೂಕ_ಸೇರಿಸಿದ್ದು(40).ಮುಂಗಡ_ಕಳೆದದ್ದು(5000)
ಇನ್ನೊಬ್ಬರು = ಮೂಲ.ತೂಕ_ಸೇರಿಸಿದ್ದು(22)

ಸ್ವಲ್ಪ ಉದ್ದ ಆಯಿತು. ಪರವಾಗಿಲ್ಲ. ಇದರ ಜೊತೆಗೆ ಅವಳು ಒಂದು ಪರೀಕ್ಷೆಯನ್ನೂ ಬರೆದಿದ್ದಾಳೆ, ಲೈಬ್ರರಿಯಲ್ಲಿ ಏನೇ ಬದಲಿಸಿದರೂ ಮೊದಲು ಓಡುವುದು ಅದೇ. ಮೂಲದಿಂದ ಎರಡು ಚೀಟಿ ತೆಗೆದು, ಒಂದಕ್ಕೆ ಮುಂಗಡ ಕಳೆದು, ಇನ್ನೊಂದರಲ್ಲೂ ಮೂಲದಲ್ಲೂ ಮುಂಗಡ ಸೊನ್ನೆ ಇದೆಯಾ ಅಂತ ನೋಡುತ್ತದೆ. ಆ ಪರೀಕ್ಷೆಗೆ ಅವಳು ಇಟ್ಟ ಹೆಸರು «ಈ ಮುಂಗಡ ನಂದಲ್ಲ».